ಎರಕದಣ್ಣನ ಸಾಕ್ಷಿ

ಎರಕದಣ್ಣನಿಗೆ ಸಿಟ್ಟು ಬಂದರೆ ಮೊದಲು ಕೈ ಬರುತ್ತಿತ್ತು, ಆಮೇಲೆ ಬೈಗುಳ ಬರುತ್ತಿತ್ತು, ಕಾರಣ ಎಲ್ಲಕ್ಕಿಂತ ಕೊನೆಗೆ ಬರುತ್ತಿತ್ತು. ಆ ಕಾರಣವೂ ಯಾವಾಗಲೂ ಒಂದೇ. ತಗ್ಗಿನವರು ಹಾಳಾಗಿರುವುದು ತಗ್ಗಿನವರಿಂದಲೇ, ಇನ್ಯಾರಿಂದಲೂ ಅಲ್ಲ. ಇದನ್ನು ಅವನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ, ಕಾರ್ಖಾನೆಯ ನಲ್ಲಿಯ ಹತ್ತಿರ ಮುಖ ತೊಳೆಯುತ್ತ ಹೇಳುತ್ತಿದ್ದ. ಸಂಬಳದ ಸಂಜೆ ಓಣಿಯ ಬಾಯಲ್ಲಿ ನಿಂತು, ತೂರಾಡಿಕೊಂಡು ಬಂದವನ ಕೆನ್ನೆಗೆ ಬಾರಿಸಿಯೂ ಹೇಳುತ್ತಿದ್ದ. ಹೊಡೆಸಿಕೊಂಡವರು ಮಾರನೆಯ ದಿನ ಕೆನ್ನೆ ಸವರಿಕೊಳ್ಳುತ್ತ ಬಂದು ಅಣ್ಣ ಎಂದೇ ಮಾತಾಡಿಸುತ್ತಿದ್ದರು. ಅವರಿಗೂ ಅವನ ಮಾತು ಸರಿ ಎನ್ನಿಸುತ್ತಿತ್ತೋ, ಕೈ ಭಾರವಾಗಿತ್ತೋ, ಯಾರಿಗೆ ಗೊತ್ತು.

ಹೀಗೆ ಯೋಚಿಸಲು ಅವನಿಗೆ ಕಾರಣ ಇರಲಿಲ್ಲ ಎನ್ನುವಂತಿಲ್ಲ. ಅವನ ಅಪ್ಪ ಅದೇ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆಂದವನು, ಕುಡಿದು ಕುಡಿದು ಕರುಳು ಸುಟ್ಟುಕೊಂಡು ಸತ್ತವನು. ಸಾಯುವ ಮುಂಚೆ ಹೆಂಡತಿಯ ಕೈ ಮುರಿದಿದ್ದ, ಮಗನ ಬೆನ್ನ ಮೇಲೆ ಬೆಲ್ಟಿನ ಬರೆ ಎಳೆದಿದ್ದ. ಆ ಬೆನ್ನು ಹೊತ್ತು ಬೆಳೆದವನಿಗೆ ಊರಿನ ಲೆಕ್ಕವೆಲ್ಲ ಅಪ್ಪನ ಬಾಟಲಿಯೊಳಗೇ ಇದೆ ಎನ್ನಿಸಿದರೆ ತಪ್ಪು ಹೇಳಲು ನಾನು ಯಾರು? ಅವನು ಒಂದು ತೊಟ್ಟು ಮುಟ್ಟಲಿಲ್ಲ. ಅಪ್ಪನ ಜಾಗದಲ್ಲೇ ಕೆಲಸಕ್ಕೆ ನಿಂತು, ಕರಗಿದ ಕಬ್ಬಿಣವನ್ನು ಅಚ್ಚಿಗೆ ಎರೆಯುವವರಲ್ಲಿ ಅವನಂಥವನಿಲ್ಲ ಎನ್ನಿಸಿಕೊಂಡ. ಹುಬ್ಬು ಸುಟ್ಟು ಹೋಗಿ ಮತ್ತೆ ಬೆಳೆಯದ ಆ ಮುಖ ನೋಡಿದರೆ ಹೊಸಬರಿಗೆ ಸ್ವಲ್ಪ ಹೆದರಿಕೆಯಾಗುತ್ತಿತ್ತು.

ದಿಬ್ಬದವರು ಯಾರು, ತಗ್ಗಿನವರು ಯಾರು ಎಂದು ಆ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಹೆಸರು ಕೇಳಿದರೆ ಗೊತ್ತಾಗುತ್ತಿತ್ತು. ಹೆಸರು ಕೇಳದಿದ್ದರೆ ಮಾತಿನಲ್ಲಿ, ಮಾತೂ ಆಡದಿದ್ದರೆ ಚಪ್ಪಲಿಯಲ್ಲಿ. ತಗ್ಗಿನವನು ದಿಬ್ಬದ ಮೇಲೆ ಮನೆ ಮಾಡಿದರೂ ತಗ್ಗಿನವನೇ. ಕಾರ್ಖಾನೆಯಲ್ಲೂ ಅಷ್ಟೆ. ಕೆಳಗೆ ಕುಲುಮೆ, ಮರಳು, ಹೊಗೆ, ಅಲ್ಲಿ ತಗ್ಗಿನವರು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಮಾದರಿ ಕೋಣೆ. ಅಲ್ಲಿ ದೊಡ್ಡ ಕಿಟಕಿಗಳು, ಫ್ಯಾನು, ಹೆರೆದ ಮರದ ವಾಸನೆ. ಎರಕ ಹೊಯ್ಯಬೇಕಾದ ಗಾಲಿ, ಪೈಪು, ಪಂಪುಗಳ ಮಾದರಿಗಳನ್ನು ಅಲ್ಲಿ ಮರದಲ್ಲಿ ಕೆತ್ತುತ್ತಿದ್ದರು. ಅವುಗಳನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡುವುದು ಕೆಳಗಿನವರ ಕೆಲಸ. ಆ ಕೋಣೆಗೆ ತಗ್ಗಿನವರನ್ನು ಸೇರಿಸಬಾರದು ಎಂದು ಎಲ್ಲಿಯೂ ನಿಯಮವಿರಲಿಲ್ಲ. ಅರ್ಜಿ ಮೆಟ್ಟಿಲು ಹತ್ತುತ್ತಿತ್ತು, ಇಳಿಯುತ್ತಿರಲಿಲ್ಲ, ಅಷ್ಟೆ.

ಎರಕದಣ್ಣನ ಹೆಂಡತಿಯೂ ಅಲ್ಲೇ ಕೆಲಸಕ್ಕಿದ್ದಳು. ಅಚ್ಚಿನ ಮರಳನ್ನು ಜರಡಿ ಹಿಡಿದು, ಹದವಾಗಿ ನೀರು ಚಿಮುಕಿಸಿ ಕಲಸಿ ಕೊಡುವುದು ಅವಳ ಕೆಲಸ. ಅವಳ ತಮ್ಮನೂ ಅವರ ಮನೆಯಲ್ಲೇ ಇದ್ದ. ಮದುವೆಯಾಗದ ಅವನಿಗೆ ಊರೆಲ್ಲ ಬಾವುಟ ಎಂದು ಹೆಸರಿಟ್ಟಿತ್ತು, ಏಕೆಂದರೆ ಎಲ್ಲಿ ಮೆರವಣಿಗೆ ಹೊರಟರೂ ಮುಂದೆ ಅವನ ಕೈಯಲ್ಲಿ ಒಂದು ಬಾವುಟ ಇದ್ದೇ ಇರುತ್ತಿತ್ತು. ಬಾವುಟ ಕೂಡ ಕುಡಿಯುತ್ತಿರಲಿಲ್ಲ. ಬಾವಮೈದನಲ್ಲಿ ಎರಕದಣ್ಣನಿಗೆ ಹಿಡಿಸಿದ್ದು ಅದೊಂದೇ ಗುಣ. ಮಿಕ್ಕ ಎಲ್ಲ ವಿಷಯಕ್ಕೂ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಬಾವುಟನ ವಾದವೇ ಬೇರೆ. ನಮ್ಮವರು ಕುಡಿಯುವುದರಿಂದ ಕೆಳಗೆ ಬಿದ್ದಿಲ್ಲ, ಕೆಳಗೆ ಅದುಮಿಟ್ಟಿದ್ದರಿಂದ ಕುಡಿಯುತ್ತಾರೆ ಎನ್ನುತ್ತಿದ್ದ. ದಿಬ್ಬದಲ್ಲಿ ಕುಡಿದವನು ಮಲಗುತ್ತಾನೆ, ತಗ್ಗಿನಲ್ಲಿ ಕುಡಿದವನು ಸುದ್ದಿಯಾಗುತ್ತಾನೆ ಎನ್ನುತ್ತಿದ್ದ. ಇಂಥ ಮಾತುಗಳನ್ನು ಅವನು ಸಂಘದ ಸಭೆಗಳಿಂದ ಹೆಕ್ಕಿಕೊಂಡು ಬಂದು ಊಟದ ಹೊತ್ತಿಗೆ ಮನೆಯಲ್ಲಿ ಪ್ರಯೋಗ ಮಾಡುತ್ತಿದ್ದ. ಪ್ರಯೋಗದ ಫಲ ಹೆಚ್ಚಾಗಿ ಅವನ ತಲೆಗೇ ತಟ್ಟೆಯ ರೂಪದಲ್ಲಿ ಬರುತ್ತಿತ್ತು. ಅವನೂ ಸುಮ್ಮನಿರುವ ಆಸಾಮಿಯಲ್ಲ. ಒಮ್ಮೆ ಎರಕದಣ್ಣನ ಮುಂದಿನ ಹಲ್ಲು ಹೋಯಿತು, ಇನ್ನೊಮ್ಮೆ ಬಾವುಟನ ಕಿವಿಯ ತುದಿ ಹರಿಯಿತು. ಹೆಂಡತಿ ಇಬ್ಬರ ನಡುವೆ ನುಗ್ಗಿ ಏಟು ತಿಂದು, ಕೊನೆಗೆ ಇಬ್ಬರಿಗೂ ಬಟ್ಟೆ ಕಾಸಿ ಶಾಖ ಕೊಡುತ್ತಿದ್ದಳು.

ತಮಾಷೆಯೆಂದರೆ ಹೀಗೆ ಹೊಡೆದಾಡಿಕೊಂಡವರೇ ಬೆಳಗಾದರೆ ಒಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದರು, ಒಂದೇ ಲ್ಯಾಡಲ್ ಹಿಡಿಯುತ್ತಿದ್ದರು. ಲ್ಯಾಡಲ್ ಎಂದರೆ ಕರಗಿದ ಕಬ್ಬಿಣ ತುಂಬುವ ದಪ್ಪ ಬಾನಿ. ಅದಕ್ಕೆ ಎರಡೂ ಕಡೆ ಉದ್ದನೆಯ ಹಿಡಿ. ಒಂದು ತುದಿಯಲ್ಲಿ ಬಗ್ಗಿಸಿ ಎರೆಯುವವನು, ಇನ್ನೊಂದು ತುದಿಯಲ್ಲಿ ಆತು ಹಿಡಿಯುವವನು. ಇಬ್ಬರ ಹೆಜ್ಜೆ ಒಂದಾಗಬೇಕು, ಉಸಿರೂ ಒಂದಾಗಬೇಕು. ಒಬ್ಬ ಎಡವಿದರೆ ಇಬ್ಬರ ಕಾಲೂ ಇಲ್ಲ. ಎರಕದಣ್ಣ ಎರೆಯುವವನು, ಬಾವುಟ ಆತು ಹಿಡಿಯುವವನು. ಕಣ್ಣಿನ ಕೆಳಗೆ ನೀಲಿಗಟ್ಟಿಸಿಕೊಂಡು ಇಬ್ಬರೂ ಮರಳಿನ ಮೇಲೆ ಬೆಂಕಿ ಹೊತ್ತು ನಡೆಯುವುದನ್ನು ನೋಡಿದರೆ ಒಂದೇ ತಾಯಿಯ ಮಕ್ಕಳು ಅನ್ನಬೇಕು.

ಅವರ ಜಗಳಕ್ಕೆ ನಿಜವಾದ ವಿಷ ಬಿದ್ದಿದ್ದು ಎರಕದಣ್ಣನ ಮಗಳ ವಿಷಯದಲ್ಲಿ. ಹುಡುಗಿಯ ಕೈಯಲ್ಲಿ ಮರ ಮಾತು ಕೇಳುತ್ತಿತ್ತು. ತರಬೇತಿ ಶಾಲೆಗೆ ಹೋಗಿ ನಕ್ಷೆ ಓದುವುದು ಕಲಿತಳು, ಮನೆಯ ಮೂಲೆಯಲ್ಲಿ ಉಳಿ ಹಿಡಿದು ಕೂತು ಒಂದು ಹಲ್ಲುಗಾಲಿಯ ಮಾದರಿ ಕೆತ್ತಿದಳು. ಎರಕದಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಸೂಪರ್‌ವೈಸರ್‌ಗೆ ತೋರಿಸಿದ. ಸೂಪರ್‌ವೈಸರ್ ದಿಬ್ಬದವನು, ಕೆಟ್ಟವನೇನಲ್ಲ, ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಕೂಗಿ ಹೇಳುವುದು ಬಿಟ್ಟರೆ ಅವನಿಗೆ ಬೇರೆ ಚಟವಿರಲಿಲ್ಲ. ಗಾಲಿಯನ್ನು ತಿರುಗಿಸಿ ನೋಡಿ, “ನೋಡೋಣ” ಎಂದ. ಆ ಒಂದು ನೋಡೋಣವನ್ನು ಎರಕದಣ್ಣ ತಿಂಗಳುಗಟ್ಟಲೆ ಎದೆಗೆ ಅವಚಿಕೊಂಡು ಓಡಾಡಿದ. ಮಾದರಿ ಕೋಣೆಯಲ್ಲಿ ತನ್ನ ಮಗಳು ಕಿಟಕಿಯ ಪಕ್ಕ ನಿಂತು ಕೆಲಸ ಮಾಡುವುದನ್ನು ನೋಡಿಯೇ ಸಾಯಬೇಕು ಎಂಬುದು ಅವನ ಬದುಕಿನ ಏಕೈಕ ಆಸೆಯಾಯಿತು. ಅಷ್ಟೇ ಅಲ್ಲ, ಅದು ಅವನ ವಾದದ ಗೆಲುವೂ ಆಗಿತ್ತು. ಸರಿಯಾಗಿ ಬದುಕಿದರೆ ಬಾಗಿಲು ತೆರೆಯುತ್ತದೆ ಎಂದು ಓಣಿಗೆಲ್ಲ ತೋರಿಸಬೇಕಿತ್ತು.

ಅದೇ ಹೊತ್ತಿಗೆ ಬಾವುಟನ ಸಂಘ, ಮಾದರಿ ಕೋಣೆ ಎಲ್ಲರಿಗೂ ತೆರೆಯುವವರೆಗೆ ಎರಕ ಹೊಯ್ಯುವುದಿಲ್ಲ ಎಂದು ತೀರ್ಮಾನಿಸಿತು. ಎರಕದಣ್ಣನ ಮೈಗೆ ಕೆಂಡ ಸುರಿದಂತಾಯಿತು. ತೆರೆಯುತ್ತಿರುವ ಬಾಗಿಲಿಗೆ ನೀವು ಕಲ್ಲು ಹೊಡೆಯುತ್ತಿದ್ದೀರಿ ಎಂದು ಕೂಗಾಡಿದ. ಬಾವುಟ ಅಷ್ಟೇ ತಣ್ಣಗೆ, ಒಬ್ಬಳು ತೂರುವಷ್ಟು ತೆರೆದರೆ ಅದು ಬಾಗಿಲಲ್ಲ ಎಂದ. ಅವತ್ತು ಮನೆಯಲ್ಲಿ ಹಾರಿದ್ದು ತಟ್ಟೆಯಲ್ಲ, ಮಣೆ. ಬಾವುಟನ ಭುಜ ಊದಿತು. ಮಗಳು ಎದ್ದು ನಿಂತು, ನನ್ನ ಹೆಸರು ಹಿಡಿದುಕೊಂಡು ಇನ್ನೊಂದು ಏಟು ಬಿದ್ದರೆ ಆ ಗಾಲಿಯನ್ನು ಒಲೆಗೆ ಹಾಕುತ್ತೇನೆ ಎಂದ ಮೇಲೆ ಇಬ್ಬರೂ ಬಾಯಿ ಮುಚ್ಚಿದರು.

ಮಾರನೆಯ ದಿನ ಮಧ್ಯಾಹ್ನ, ಕುಲುಮೆಯಲ್ಲಿ ಕಬ್ಬಿಣ ಕರಗಿ ಹದಕ್ಕೆ ಬಂದಿತ್ತು. ಮರಳಿನ ಮೇಲೆ ಅಚ್ಚಿನ ಪೆಟ್ಟಿಗೆಗಳು ಸಾಲಾಗಿ ಬಾಯಿ ತೆರೆದು ಕಾಯುತ್ತಿದ್ದವು. ಬಾವುಟ ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ಯಾರೂ ಲ್ಯಾಡಲ್ ಮುಟ್ಟಬೇಡಿ ಎಂದು ಕೂಗಿದ. ಕೆಲವರು ಕೈಗವಸು ಬಿಚ್ಚಿದರು, ಕೆಲವರು ಬಿಚ್ಚಲೋ ಬೇಡವೋ ಎಂದು ಪಕ್ಕದವನ ಮುಖ ನೋಡಿದರು. ಎರಕದಣ್ಣ ಮೇಲೆ ನೋಡಿದ. ಮೆಟ್ಟಿಲ ತುದಿಯಲ್ಲಿ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದ. ಮಾದರಿ ಕೋಣೆಯ ಪರೀಕ್ಷೆಗೆ ಮಗಳನ್ನು ಬರಹೇಳಿದ್ದು ಅದೇ ವಾರ. ಎರಕದಣ್ಣ ನುಗ್ಗಿ ಬಾವುಟನ ಕಾಲು ಹಿಡಿದು ಎಳೆದ.

ಬಾವುಟ ಮುಖ ಅಡಿಯಾಗಿ ಮರಳಿಗೆ ಬಿದ್ದ. ಎದ್ದವನೇ ಭಾವನ ಹೊಟ್ಟೆಗೆ ತಲೆ ಕೊಟ್ಟು ಗುಮ್ಮಿದ. ಇಬ್ಬರೂ ಉರುಳಾಡಿದರು. ಮೊಣಕೈ, ಮೊಣಕಾಲು, ಹಲ್ಲು, ಉಗುರು, ಯಾವುದಕ್ಕೂ ಬಿಡುವಿರಲಿಲ್ಲ. ಬಾವುಟನ ಮೂಗು ಒಡೆದು ರಕ್ತ ಸುರಿಯಿತು. ಎರಕದಣ್ಣ ಅವನ ಎದೆಯ ಮೇಲೆ ಕೂತು, ಕತ್ತು ಹಿಡಿದು, ಇಡೀ ಕಾರ್ಖಾನೆಗೆ ಕೇಳುವ ಹಾಗೆ ಅರಚಿದ. “ಹಾಡಹಗಲೇ ಕುಡ್ಕೊಂಡು ಬಂದಿದ್ದೀಯೇನೋ, ಕುಡುಕ ನನ್ಮಗನೇ.”

ತಗ್ಗಿನವರು ಜಗಳದಲ್ಲಿ ಒಬ್ಬರಿಗೊಬ್ಬರು ಬೈಯುವುದೇ ಹಾಗೆ. ಕುಡಿಯದವನಿಗೂ ಕುಡುಕ ಎನ್ನುತ್ತಾರೆ. ದಿಬ್ಬದವರು ತಮ್ಮನ್ನು ಯಾವ ಮಾತಿನಿಂದ ಚುಚ್ಚುತ್ತಾರೋ ಅದೇ ಮಾತನ್ನು ತಂದು ತಮ್ಮವರಿಗೆ ಚುಚ್ಚುತ್ತಾರೆ. ಬೈದವನೂ ಅದನ್ನು ನಂಬುವುದಿಲ್ಲ, ಬೈಸಿಕೊಂಡವನೂ ನಂಬುವುದಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದವನಿಗೆ ಮಾತ್ರ ಅದು ಬೈಗುಳವಾಗಿ ಅಲ್ಲ, ನಿಜದ ಮಾತಾಗಿಯೇ ಕೇಳಿಸಿತು.

ತಮ್ಮನ ಕಣ್ಣು ಮೇಲೆ ಸಿಕ್ಕಿಕೊಳ್ಳುವುದನ್ನು ಕಂಡ ಹೆಂಡತಿ ಮರಳಿಗೆಂದು ತುಂಬಿಟ್ಟಿದ್ದ ನೀರಿನ ಬಕೆಟ್ ಎತ್ತಿ ಇಬ್ಬರ ಮೇಲೂ ಎರಚಿದಳು. ಎಲ್ಲ ಹೆಂಗಸರೂ ಎಲ್ಲ ಜಗಳದಲ್ಲೂ ಮಾಡುವುದನ್ನೇ ಮಾಡಿದಳು. ಆದರೆ ಎರಕದ ನೆಲದಲ್ಲಿ ನೀರು ಎರಚುವುದೆಂದರೆ ಮದ್ದಿನ ಮನೆಯಲ್ಲಿ ಕಡ್ಡಿ ಗೀಚಿದ ಹಾಗೆ. ಇಬ್ಬರೂ ಬಿಟ್ಟು ಎದ್ದರು, ನಿಜ. ಅರ್ಧ ನೀರು ಪಕ್ಕದಲ್ಲಿದ್ದ ದೊಡ್ಡ ಅಚ್ಚಿನ ಬಾಯೊಳಗೆ ಇಳಿದು ಹೋಯಿತು. ಅವಳು ಬಕೆಟ್ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

ಒದ್ದೆಯಾದ ಅಚ್ಚಿಗೆ ಕಬ್ಬಿಣ ಹೊಯ್ದರೆ ಸಿಡಿಯುತ್ತದೆ, ಅದನ್ನು ಒಡೆದು ಹಾಕಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎರಕದಣ್ಣ ಮೆಟ್ಟಿಲ ಹತ್ತಿರ ಹೋಗಿ ಹೇಳಿದ. ಸೂಪರ್‌ವೈಸರ್ ಕುಲುಮೆ ನೋಡಿದ, ಗಡಿಯಾರ ನೋಡಿದ. ದೊಡ್ಡ ಅಚ್ಚು ಬಿಟ್ಟರೆ ಕಬ್ಬಿಣ ದಂಡವಾಗುತ್ತದೆ, ಮೇಲ್ಮೈ ಮಾತ್ರ ಒದ್ದೆಯಾಗಿರುತ್ತದೆ, ಕೆಂಡ ಹಿಡಿದು ಒಣಗಿಸಿ ಹೊಯ್ಯಿರಿ ಎಂದ. ಎರಕದಣ್ಣ ನಿಂತೇ ಇದ್ದ. ಆಗ ಸೂಪರ್‌ವೈಸರ್ ದನಿ ತಗ್ಗಿಸಿ, “ನಿಮ್ಮವರ ಹೊಡೆದಾಟಕ್ಕೆ ಇವತ್ತಿನ ಎರಕ ಹಾಳಾಯ್ತು ಅಂತ ನಾನು ಮೇಲೆ ಹೇಳ್ಬೇಕಾ? ಮಗಳ ವಿಷಯ ಮಾತಾಡೋ ಹೊತ್ನಲ್ಲಿ?” ಎಂದ.

ಎರಕದಣ್ಣ ಸಲಾಕೆಯ ತುದಿಗೆ ಕೆಂಡದ ಬುಟ್ಟಿ ಸಿಕ್ಕಿಸಿ ಅಚ್ಚಿನ ಬಾಯಿಗೆ ಹಿಡಿದ. ಹಬೆ ಎದ್ದಿತು, ನಿಂತಿತು. ಮೇಲಿನ ಮರಳು ಬೆಳ್ಳಗಾಯಿತು. ಒಳಗಿನದು ಯಾರಿಗೆ ಕಾಣುತ್ತದೆ? ಸಾಕು ಎಂದುಕೊಂಡ. ಲ್ಯಾಡಲ್‌ನ ಇನ್ನೊಂದು ತುದಿಗೆ ಹೊಸದಾಗಿ ಸೇರಿದ್ದ ಒಬ್ಬನನ್ನು ಕರೆದ. ಅಷ್ಟರಲ್ಲಿ ಬಾವುಟ ಮೂಗಿಗೆ ಒತ್ತಿಕೊಂಡಿದ್ದ ಬಟ್ಟೆ ಎಸೆದು ಬಂದು, ಆ ಹೊಸಬನನ್ನು ಪಕ್ಕಕ್ಕೆ ತಳ್ಳಿ ಹಿಡಿ ಹಿಡಿದ. “ಇವನಿಗೆ ನಿಮ್ಮ ಹೆಜ್ಜೆ ಗೊತ್ತಿಲ್ಲ ಭಾವ, ಸಾಯಿಸಿಬಿಡ್ತಾನೆ,” ಎಂದ. ಆಮೇಲೆ ಅಚ್ಚಿನ ಕಡೆ ಗಲ್ಲ ಎತ್ತಿ, ಒಣಗಿದೆಯಾ ಎಂದು ಕೇಳಿದ. ಒಣಗಿದೆ, ನಾನೇ ನೋಡಿದೆ ಎಂದ ಎರಕದಣ್ಣ.

ಇಬ್ಬರೂ ಬೆಂಕಿ ಹೊತ್ತು ನಡೆದರು. ಅಚ್ಚಿನ ಬಾಯಿಗೆ ಲ್ಯಾಡಲ್ ಬಾಗಿತು. ಮೊದಲು ಒಂದು ಗೊಟಗೊಟ ಸದ್ದು ಬಂತು. ಎರಕದಣ್ಣನಿಗೆ ಆ ಸದ್ದು ಗೊತ್ತಿತ್ತು. ಕೂಗಲು ಬಾಯಿ ತೆರೆದ. ಅಚ್ಚು ಸಿಡಿಯಿತು. ಒಳಗೆ ಹಬೆಯಾದ ನೀರು ಕಬ್ಬಿಣವನ್ನು ಕಾರಂಜಿಯಂತೆ ಉಗಿಯಿತು, ಅದು ಬಾವುಟನ ಕಡೆಗೇ ಉಗಿಯಿತು. ಅವನ ಎದೆ, ಕತ್ತು, ಮುಖದ ಒಂದು ಪಾರ್ಶ್ವ ಹೊತ್ತಿಕೊಂಡವು. ಲ್ಯಾಡಲ್ ಇನ್ನೂ ಮುಕ್ಕಾಲು ತುಂಬಿತ್ತು. ಅವನು ಕೈ ಬಿಟ್ಟಿದ್ದರೆ ಅದಷ್ಟೂ ಎರಕದಣ್ಣನ ಕಾಲ ಮೇಲೆ ಸುರಿಯುತ್ತಿತ್ತು. ಅವನು ಬಿಡಲಿಲ್ಲ. ಮೈ ಉರಿಯುತ್ತಿರುವಾಗಲೇ ಅದನ್ನು ಮೆಲ್ಲಗೆ, ಎಂದಿನಂತೆ, ಭಾವನ ಜೊತೆಗೇ ನೆಲಕ್ಕಿಳಿಸಿದ. ಆಮೇಲೆ ಕೂಗಿದ. ಆ ಕೂಗು ಕೇಳಿದವರು ಈಗಲೂ ಅದರ ಬಗ್ಗೆ ಮಾತಾಡುವುದಿಲ್ಲ. ಸಂಜೆಯೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಸುದ್ದಿ ತಗ್ಗಿಗೆ ಮುಟ್ಟಿದ್ದೇ ತಡ, ಓಣಿಗಳು ಖಾಲಿಯಾಗಿ ಕಾರ್ಖಾನೆಯ ಗೇಟು ತುಂಬಿತು. ಮಾದರಿ ಕೋಣೆಯ ಕಿಟಕಿಗಳಿಗೆ ಕಲ್ಲು ಬಿದ್ದವು. ದಿಬ್ಬದ ಯುವಕರು ಕಬ್ಬಿಣದ ಸರಳು ಹಿಡಿದು ಇಳಿದು ಬಂದರು. ಮಾರುಕಟ್ಟೆಯ ರಸ್ತೆಯಲ್ಲಿ ಒಬ್ಬನ ತಲೆ ಒಡೆಯಿತು, ಇನ್ನೊಬ್ಬನ ಬೆರಳು ತುಂಡಾಯಿತು, ಯಾರದ್ದೋ ಅಂಗಡಿಗೆ ಬೆಂಕಿ ಬಿತ್ತು. ಅವನನ್ನು ಕೊಂದವರು ನೀವು ಎಂದು ಒಂದು ಕಡೆಯವರು ಹೊಡೆದರು, ನಿಮ್ಮ ಕುಡಿತಕ್ಕೆ ನೀವೇ ಸತ್ತಿರಿ ಎಂದು ಇನ್ನೊಂದು ಕಡೆಯವರು ಹೊಡೆದರು. ಎರಕದಣ್ಣ ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಅವನನ್ನು ಹಿಡಿದುಕೊಳ್ಳಲು ಮೂರ್ನಾಲ್ಕು ಜನ ಬೇಕಾದರು.

ಹೊತ್ತು ಗೊತ್ತಿಲ್ಲದೆ ದಿನಗಳು ಕಳೆದವು. ಬಾವುಟನ ಸಾವಿನ ವಿಚಾರಣೆ ಇಟ್ಟಿದ್ದಾರೆ ಎಂದು ತಿಳಿಯಿತು. ಅದರ ಹಿಂದಿನ ಸಂಜೆ ಸೂಪರ್‌ವೈಸರ್ ಮನೆಗೇ ಬಂದ. ತಗ್ಗಿನ ಓಣಿಗೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರು ಕುಡಿದ. ಮಗಳ ಕೆತ್ತನೆ ಮೇಲಿನವರಿಗೆ ತುಂಬ ಹಿಡಿಸಿದೆ, ಆದೇಶವೊಂದು ಬಾಕಿ ಎಂದ. ಆಮೇಲೆ ವಿಷಯಕ್ಕೆ ಬಂದ. “ನೀವು ಹೊಸದಾಗಿ ಏನೂ ಹೇಳ್ಬೇಕಾಗಿಲ್ಲ. ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ, ಅದನ್ನೇ ನಾಳೆ ಹೇಳಿ. ಕುಡಿದಿದ್ದ, ಕೈ ತಪ್ಪಿದ. ಸತ್ತವನಿಗೆ ಇನ್ನೇನಾಗ್ಬೇಕು, ಬದುಕಿರೋಳ ಬಗ್ಗೆ ಯೋಚ್ನೆ ಮಾಡಿ.”

ಅವನು ಹೋದ ಮೇಲೆ ಹೆಂಡತಿ ಒಳಗಿನಿಂದ ಬಂದಳು. ತಮ್ಮ ಸತ್ತಂದಿನಿಂದ ಅವಳು ಅತ್ತಿರಲಿಲ್ಲ. ಬಕೆಟ್ ಎತ್ತಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಓಡಾಡುತ್ತಿದ್ದಳು. “ನೀರು ಎರಚಿದವಳು ನಾನು. ಬೇಕಾದ್ರೆ ನನ್ನ ಹೆಸರು ಹೇಳಿ, ನನ್ನ ಜೈಲಿಗೆ ಹಾಕ್ಸಿ. ಅವನು ಕುಡಿದಿದ್ದ ಅಂತ ಮಾತ್ರ ಹೇಳ್ಬೇಡಿ,” ಎಂದಳು. ಎರಕದಣ್ಣ ಸೂಪರ್‌ವೈಸರ್ ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದ. ಮಗಳು ಆಗ ಮನೆಯಲ್ಲಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಅವನಿಗೆ ಕೂರಲು ಹೇಳಿದರು. ಅವನು ನಿಂತೇ ಇದ್ದ. ನಿಮ್ಮ ಬಾವಮೈದ ಅಂದು ಕುಡಿದಿದ್ದ ಎಂದು ನೀವೇ ಕೂಗಿದಿರಂತೆ, ನಿಜವೇ ಎಂದು ಕೇಳಿದರು. ಕೂಗಿದ್ದು ನಿಜ ಎಂದ. ಅವನು ಕುಡಿದಿದ್ದದ್ದು ನಿಜವೇ ಎಂದು ಕೇಳಿದರು. ಅವನ ಮನಸ್ಸು ಆ ಕ್ಷಣದಲ್ಲಿ ಎಷ್ಟೆಲ್ಲ ದಲ್ಲಾಳಿತನ ಮಾಡಿತು. ಸತ್ತವನು ಎದ್ದು ಬರುವುದಿಲ್ಲ ಎಂದಿತು. ಮಾದರಿ ಕೋಣೆ ತೆರೆಯಬೇಕೆಂದು ಅವನೇ ಬಡಿದಾಡಿದ್ದಲ್ಲವೇ, ಅವನ ಆಸೆಯೂ ತೀರಿದಂತಾಯಿತು ಎಂದಿತು. ಒದ್ದೆ ಅಚ್ಚನ್ನು ಒಣಗಿದೆ ಎಂದವನು ನೀನು, ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಮೆಲ್ಲಗೆ ಪಿಸುಗುಟ್ಟಿತು. ಎರಕದಣ್ಣ “ಹೌದು” ಎಂದ. ಹೆಬ್ಬೆಟ್ಟಿನವನಲ್ಲ ಅವನು, ತನ್ನ ಕೈಯಾರೆ ಸಹಿ ಹಾಕಿ ಬಂದ.

ಮನೆಗೆ ಬಂದಾಗ ಹೆಂಡತಿಗೆ ಆಗಲೇ ತಿಳಿದಿತ್ತು. ಅವಳು ಮೂಲೆಯಲ್ಲಿದ್ದ ಮರಳಿನ ಜರಡಿಯ ಚೌಕಟ್ಟು ಎತ್ತಿಕೊಂಡು ಅವನನ್ನು ಹೊಡೆಯತೊಡಗಿದಳು. ತಲೆಗೆ, ಭುಜಕ್ಕೆ, ಬೆಲ್ಟಿನ ಬರೆಯಿದ್ದ ಬೆನ್ನಿಗೆ. ಊರಿಗೆಲ್ಲ ಕೈ ಮಾಡಿದ ಎರಕದಣ್ಣ ಕೈ ಅಡ್ಡ ಹಿಡಿಯಲಿಲ್ಲ. ಚೌಕಟ್ಟು ಮುರಿದು ಅವಳ ಕೈಯಲ್ಲಿ ಒಂದು ಚಕ್ಕೆ ಉಳಿಯಿತು. ಅದನ್ನು ಒಲೆಗೆ ಹಾಕಿ, ಅಡುಗೆ ಮಾಡಿ, ಅವನ ಮುಂದೆ ತಟ್ಟೆ ಇಟ್ಟಳು. ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು. ಸಾಕ್ಷಿಯ ವಿಷಯವನ್ನು ಮಗಳಿಗೆ ಯಾರೂ ಹೇಳಲಿಲ್ಲ, ಅಮ್ಮನಿಗೆ ತಮ್ಮನ ದುಃಖ ಈಗ ಹೊರಗೆ ಬಂತು ಎಂದಷ್ಟೇ ಅವಳು ತಿಳಿದಳು.

ಆದೇಶ ಬಂತು. ಮಗಳು ಮೆಟ್ಟಿಲು ಹತ್ತಿದಳು. ತಾನು ಪರೀಕ್ಷೆಯಲ್ಲಿ ಗೆದ್ದೆ ಎಂದೇ ಅವಳು ನಂಬಿದ್ದಳು, ಅವಳ ಕೈ ನೋಡಿದರೆ ನಂಬದಿರಲು ಕಾರಣವೂ ಇರಲಿಲ್ಲ. ಎರಕದಣ್ಣ ಕೆಳಗಿನಿಂದ ತಲೆ ಎತ್ತಿ ನೋಡುತ್ತಿದ್ದ. ಹೊಸ ಗಾಜು ಹಾಕಿದ ಕಿಟಕಿಯಲ್ಲಿ ಒಮ್ಮೊಮ್ಮೆ ಅವಳ ತಲೆ ಕಾಣುತ್ತಿತ್ತು. ಆಸೆಪಟ್ಟಿದ್ದು ಅದೇ. ಆದರೆ ಕಂಡ ಕೂಡಲೇ ತಲೆ ತಗ್ಗಿಸಿ ಲ್ಯಾಡಲ್‌ನ ಹಿಡಿಗೆ ಕೈ ಹಾಕುತ್ತಿದ್ದ.

ಮೇಲೆ ನಡೆಯುತ್ತಿದ್ದದ್ದನ್ನು ಅವಳು ಮನೆಯಲ್ಲಿ ಹೇಳುತ್ತಿರಲಿಲ್ಲ. ಪಕ್ಕದ ಬೆಂಚಿನ ಕೆತ್ತನೆಗಾರನೊಬ್ಬ ದಿನಾ ಬೆಳಿಗ್ಗೆ ಬಾಗಿಲಲ್ಲಿ ಅವಳನ್ನು ತಡೆದು, ಬಾಯಿ ಊದಿ ತೋರಿಸು ಎನ್ನುತ್ತಿದ್ದ. ಇಲ್ಲಿ ಹರಿತವಾದ ಸಾಮಾನಿದೆ, ನಿಮ್ಮ ಮನೆತನದ ಕೈ ನಡುಗಿದರೆ ಕಷ್ಟ ಎನ್ನುತ್ತಿದ್ದ. ಮಿಕ್ಕವರು ನಗುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ದಿನ, ತನ್ನ ಮಾವ ಜೀವಮಾನದಲ್ಲಿ ಕುಡಿದವನಲ್ಲ ಎಂದಳು. ಅವನು ಬೆಂಚಿನ ಮೇಲೆ ಕೈಯೂರಿ ಬಗ್ಗಿ, ನಿನ್ನ ಅಪ್ಪನೇ ಸಹಿ ಹಾಕಿ ಕೊಟ್ಟಿದ್ದಾನೆ, ಅದಕ್ಕೇ ನೀನು ಇಲ್ಲಿ ನಿಂತಿರೋದು ಎಂದ. ಅವಳ ಕೈಯಲ್ಲಿ ಉಳಿ ಇತ್ತು. ಊರಿದ್ದ ಆ ಕೈಯನ್ನು ಅವಳು ಬೆಂಚಿಗೆ ಜಡಿದಳು. ಉಳಿ ಅಂಗೈ ದಾಟಿ ಮರಕ್ಕೆ ಇಳಿಯಿತು. ಎಳೆದು ತೆಗೆಯಲು ಇಬ್ಬರು ಬೇಕಾದರು.

ಪೊಲೀಸ್ ಠಾಣೆಯ ಮುಂದೆ ಸಂಜೆಯ ಹೊತ್ತಿಗೆ ಎರಡೂ ಕಡೆಯವರು ಸೇರಿದ್ದರು. ನಡುವೆ ಒಂದಿಷ್ಟು ಪೊಲೀಸರು ಲಾಠಿ ಅಡ್ಡ ಹಿಡಿದು ನಿಂತಿದ್ದರು. ಆಗಲೇ ಬೈಗುಳ ಹಾರಾಡುತ್ತಿತ್ತು, ಕಲ್ಲುಗಳು ಕೈಗೆ ಬಂದಿದ್ದವು. ಒಳಗೆ ಬೆಂಚಿನ ಮೇಲೆ ಮಗಳು ಕೂತಿದ್ದಳು. ತುಟಿ ಒಡೆದಿತ್ತು, ತಲೆಗೂದಲನ್ನು ಯಾರೋ ಹಿಡಿದೆಳೆದು ಒಂದು ಕಡೆ ರಕ್ತ ಹೆಪ್ಪುಗಟ್ಟಿತ್ತು. ಅವಳ ಪಕ್ಕದಲ್ಲಿ ತಾಯಿ. ಎರಕದಣ್ಣ ಓಡಿ ಬಂದು ಮುಂದೆ ನಿಂತ.

ಮಗಳು ತಲೆ ಎತ್ತಿ ಕೇಳಿದ್ದು ಒಂದೇ ಮಾತು. “ಅವನು ಹೇಳಿದ್ದು ನಿಜವಾ, ಅಪ್ಪ?”

ಅವನು ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಕರೆದ. ವಯಸ್ಸಾದ ಮನುಷ್ಯ, ಬೆಳಗಿನಿಂದ ಎರಡೂ ಕಡೆಯವರ ಬಾಯಿಗೆ ಸಿಕ್ಕಿ ಸುಸ್ತಾಗಿದ್ದ. ಎರಕದಣ್ಣನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಿಜವಾಗಿಯೂ ಬೇಸರದಿಂದ, ಕುತೂಹಲದಿಂದಲೂ ಇರಬಹುದು, ಕೇಳಿದ. “ಓದಿಸಿದ್ದೀರಿ, ಒಳ್ಳೇ ಕೆಲಸ ಸಿಕ್ಕಿತ್ತು. ಆದ್ರೂ ಯಾಕ್ರೀ ನಿಮ್ಮವರು ಹೀಗೆ?”

ಈ ಪ್ರಶ್ನೆಗೆ ಎರಕದಣ್ಣ ಜೀವನವಿಡೀ ಉತ್ತರ ಹೇಳಿಕೊಂಡು ಬಂದಿದ್ದ. ಯಾರೂ ಕೇಳದಿದ್ದರೂ ಹೇಳಿದ್ದ, ಹೊಡೆದು ಹೇಳಿದ್ದ. ನಾಲಿಗೆಯ ತುದಿಯಲ್ಲಿ ಅದು ಸಿದ್ಧವಾಗಿಯೇ ಕೂತಿತ್ತು. ಅವನು ಬೆಂಚಿನ ಕಡೆ ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು, ಅವಳ ಪ್ರಶ್ನೆಗೆ ಉತ್ತರ ಇನ್ನೂ ಬಂದಿರಲಿಲ್ಲ.

“ಅವನು ಕುಡಿದಿರಲಿಲ್ಲ ಸಾರ್,” ಎಂದ. “ನನ್ನ ಬಾವಮೈದ. ಯಾವತ್ತೂ ಕುಡಿದವನಲ್ಲ. ಅಚ್ಚು ಒದ್ದೆ ಇತ್ತು, ಹೊಯ್ಯಿ ಅಂತ ಸೂಪರ್‌ವೈಸರ್ ಹೇಳಿದ್ರು, ಮಗಳ ಕೆಲಸದ ಆಸೆಗೆ ನಾನು ಹೊಯ್ದೆ. ಒಣಗಿದೆ ಅಂತ ಅವನಿಗೆ ಸುಳ್ಳು ಹೇಳಿದೆ. ಆಮೇಲೆ ಅವನು ಕುಡಿದಿದ್ದ ಅಂತ ಇನ್ನೊಂದು ಸುಳ್ಳು ಹೇಳಿ ಸಹಿ ಹಾಕಿದೆ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. ನಾನು ಕೇಳಿದ್ದು ಅದಲ್ಲ ಎಂದ. ಇದನ್ನು ಬರೆದುಕೊಂಡರೆ ನಿಮ್ಮ ಕೆಲಸ ಹೋಗುತ್ತದೆ, ಸುಳ್ಳು ಸಾಕ್ಷಿಯ ಕೇಸೂ ಬೀಳುತ್ತದೆ, ಮಗಳಿಗೂ ಇದರಿಂದ ಉಪಯೋಗವಿಲ್ಲ, ಹೊರಗಿನ ಗಲಾಟೆ ಹೆಚ್ಚಾಗುತ್ತದೆ ಅಷ್ಟೆ ಎಂದು ತಿಳಿಹೇಳಿದ. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಬರೆದುಕೊಳ್ಳಿ ಎಂದು ಎರಕದಣ್ಣ ಮತ್ತೆ ಹೇಳಿದ. ಅವನು ಬರೆದುಕೊಳ್ಳಲಿಲ್ಲ.

ಆಗ ಹೆಂಡತಿ ಬೆಂಚಿನಿಂದ ಎದ್ದು ಬಂದಳು. ಅಷ್ಟು ತಿಂಗಳುಗಳ ಮೇಲೆ ಗಂಡನ ಮುಖ ನೋಡಿ ಮಾತಾಡಿದಳು.

“ಇಲ್ಲಿ ಹೇಳಿದ್ರೆ ಏನು ಬಂತು? ಹೊರಗೆ ಹೋಗಿ ಹೇಳಿ. ಎರಡು ಕಡೆಯವರೂ ನಿಂತಿದ್ದಾರೆ.”

ಎರಕದಣ್ಣ ಹೊರಗೆ ಹೋದ. ಪೊಲೀಸನೊಬ್ಬ ತೋಳು ಹಿಡಿದ, ಅವನನ್ನು ಕೊಡವಿಕೊಂಡು ಮೆಟ್ಟಿಲ ಮೇಲೆ ನಿಂತ. ಒಂದು ಕಡೆಯಿಂದ ಕುಡುಕನ ಮಗ ಎಂದು ಕೂಗಿದರು, ಇನ್ನೊಂದು ಕಡೆಯಿಂದ ಮಾರಿಕೊಂಡವನು ಎಂದು ಕೂಗಿದರು. ಅವನು ಕೈಯೆತ್ತಿ, ಕುಲುಮೆಯ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲಿನಿಂದ, ನನ್ನ ಬಾವಮೈದ ಕುಡಿದಿರಲಿಲ್ಲ ಎಂದ. ಮೊದಲ ಕಲ್ಲು ಹುಬ್ಬಿಲ್ಲದ ಹಣೆಗೆ ಬಿತ್ತು, ಎರಡನೆಯದು ಬಾಯಿಗೆ. ಅವನು ಬೀಳಲಿಲ್ಲ. ಎರಡನೆಯ ಸಲ ಹೇಳುವಾಗ ಬಾಯಿ ತುಂಬ ರಕ್ತವಿತ್ತು, ಮಾತು ಅರ್ಧಂಬರ್ಧ ಹೊರಟಿತು. ಒಳಗೆ ಬೆಂಚಿನ ಮೇಲೆ ಕೂತಿದ್ದ ಮಗಳಿಗೆ ಅದು ಕೇಳಿಸಿತು.